ಸಾವು ಮೊದಲು ಇಳಿಯಿತು, ಹುಟ್ಟು ಆಮೇಲೆ

‘ಭಾರತದ ಜನಸಂಖ್ಯೆ ಇಷ್ಟೊಂದು ಏರಲು ಕಾರಣವೇನು?’ ಈ ಪ್ರಶ್ನೆಯನ್ನು ನಿಮ್ಮ ತರಗತಿಯಲ್ಲಿ ಕೇಳಿ ನೋಡಿ. ಹೆಚ್ಚಿನವರು ತಟ್ಟನೆ ಹೇಳುವ ಉತ್ತರ ಇದು: ‘ಜನ ತುಂಬಾ ಮಕ್ಕಳನ್ನು ಹೆತ್ತರು, ಅದಕ್ಕೆ.’

ಉತ್ತರ ಸರಿ ಎಂದೇ ತೋರುತ್ತದೆ. ಆದರೆ ಸ್ವಲ್ಪ ಯೋಚಿಸಿ. ನಿಮ್ಮ ಮುತ್ತಜ್ಜಿಯ ಕಾಲದಲ್ಲಿ ಒಂದು ಮನೆಯಲ್ಲಿ ಆರೇಳು ಮಕ್ಕಳು ಹುಟ್ಟುವುದು ಸಾಮಾನ್ಯವಾಗಿತ್ತು. ಅವರ ಮುತ್ತಜ್ಜಿಯ ಕಾಲದಲ್ಲೂ ಹಾಗೆಯೇ ಇತ್ತು. ಹಾಗಿದ್ದರೆ ನೂರಾರು ವರ್ಷಗಳ ಹಿಂದೆಯೇ ನಮ್ಮ ದೇಶ ಜನರಿಂದ ತುಂಬಿ ತುಳುಕಬೇಕಿತ್ತಲ್ಲವೆ? ಹಾಗಾಗಲಿಲ್ಲ. 1901ರಲ್ಲಿ ಭಾರತದ ಜನಸಂಖ್ಯೆ ಸುಮಾರು 23.8 ಕೋಟಿ. 1921ರಲ್ಲಿ ಸುಮಾರು 25.1 ಕೋಟಿ. ಇಪ್ಪತ್ತು ವರ್ಷಗಳಲ್ಲಿ ಹೆಚ್ಚಿದ್ದು ಒಂದು ಕೋಟಿ ಚಿಲ್ಲರೆ ಮಾತ್ರ! ಆದರೆ 1951ರಲ್ಲಿ 36.1 ಕೋಟಿ ಇದ್ದ ಜನ 2001ರ ಹೊತ್ತಿಗೆ 102 ಕೋಟಿ ದಾಟಿದರು. 2011ರಲ್ಲಿ 121 ಕೋಟಿ ಆದರು.

ಈ ಐವತ್ತು ಅರವತ್ತು ವರ್ಷಗಳಲ್ಲಿ ತಾಯಂದಿರು ಮೊದಲಿಗಿಂತ ಹೆಚ್ಚು ಮಕ್ಕಳನ್ನು ಹೆತ್ತರೆ? ಇಲ್ಲ. ಮೊದಲಿಗಿಂತ ಕಡಿಮೆಯೇ ಹೆತ್ತರು. ಆದರೂ ಜನಸಂಖ್ಯೆ ಏರಿತು. ಈ ಒಗಟನ್ನು ಬಿಡಿಸೋಣ ಬನ್ನಿ.

ಮೊದಲು ಎರಡು ಅಳತೆಗಳು

ಒಂದು ವರ್ಷದಲ್ಲಿ ಪ್ರತಿ ಸಾವಿರ ಜನಕ್ಕೆ ಎಷ್ಟು ಮಕ್ಕಳು ಹುಟ್ಟಿದರು ಎಂಬುದು ಜನನ ದರ. ಹಾಗೆಯೇ ಪ್ರತಿ ಸಾವಿರ ಜನಕ್ಕೆ ಎಷ್ಟು ಮಂದಿ ತೀರಿಕೊಂಡರು ಎಂಬುದು ಮರಣ ದರ.

ನಿಮ್ಮ ಊರಿನಲ್ಲಿ 2500 ಜನ ಇದ್ದಾರೆ ಎಂದುಕೊಳ್ಳಿ. ಒಂದು ವರ್ಷದಲ್ಲಿ 50 ಮಕ್ಕಳು ಹುಟ್ಟಿದರು, 20 ಮಂದಿ ತೀರಿಕೊಂಡರು. ಆಗ ಜನನ ದರ 20, ಮರಣ ದರ 8. ಎರಡರ ವ್ಯತ್ಯಾಸ 12. ಅಂದರೆ ಪ್ರತಿ ಸಾವಿರ ಜನಕ್ಕೆ 12 ಮಂದಿ ಹೆಚ್ಚಾದರು. ಶೇಕಡಾವಾರು ಹೇಳುವುದಾದರೆ ಬೆಳವಣಿಗೆ 1.2.

ಒಂದು ನೀರಿನ ತೊಟ್ಟಿಯನ್ನು ನೆನಪಿಸಿಕೊಳ್ಳಿ. ಮೇಲೆ ನಲ್ಲಿಯಿಂದ ನೀರು ಬೀಳುತ್ತಿದೆ. ಕೆಳಗೆ ತೂತಿನಿಂದ ನೀರು ಹೊರಗೆ ಹೋಗುತ್ತಿದೆ. ಎರಡೂ ಸಮನಾಗಿದ್ದರೆ ತೊಟ್ಟಿಯ ಮಟ್ಟ ಏರುವುದಿಲ್ಲ, ಇಳಿಯುವುದೂ ಇಲ್ಲ. ಈಗ ನಲ್ಲಿಯನ್ನು ಮುಟ್ಟಬೇಡಿ. ತೂತಿಗೆ ಅರ್ಧ ಬಟ್ಟೆ ತುರುಕಿ. ಏನಾಗುತ್ತದೆ? ನೀರಿನ ಮಟ್ಟ ಏರತೊಡಗುತ್ತದೆ. ನಲ್ಲಿಯ ನೀರು ಹೆಚ್ಚಾಗಿಲ್ಲ, ಹೊರಹೋಗುವುದು ಕಡಿಮೆಯಾಗಿದೆ ಅಷ್ಟೆ.

ನಲ್ಲಿ ಎಂದರೆ ಹುಟ್ಟು. ತೂತು ಎಂದರೆ ಸಾವು. ನಮ್ಮ ಒಗಟಿನ ಅರ್ಧ ಉತ್ತರ ಇಲ್ಲೇ ಇದೆ.

ಮೊದಲ ಹಂತ: ಎರಡೂ ಹೆಚ್ಚು

ಹಳೆಯ ಕಾಲದಲ್ಲಿ ಪ್ರಪಂಚದ ಎಲ್ಲ ಕಡೆಯೂ ಜನನ ದರ ಹೆಚ್ಚಾಗಿತ್ತು, ಮರಣ ದರವೂ ಹೆಚ್ಚಾಗಿತ್ತು. ಸಿಡುಬು, ಕಾಲರಾ, ಪ್ಲೇಗು, ಮಲೇರಿಯಾ ಒಂದರ ಹಿಂದೆ ಒಂದು ಬರುತ್ತಿದ್ದವು. ಮಳೆ ಕೈಕೊಟ್ಟರೆ ಬರ ಬರುತ್ತಿತ್ತು. ನಾಲ್ಕು ಒಳ್ಳೆಯ ವರ್ಷಗಳಲ್ಲಿ ಹೆಚ್ಚಿದ ಜನ ಒಂದು ಕೆಟ್ಟ ವರ್ಷದಲ್ಲಿ ಕರಗಿಹೋಗುತ್ತಿದ್ದರು.

ನಮ್ಮ ನಾಡಿನದೇ ಉದಾಹರಣೆ ನೋಡಿ. 1876ರಿಂದ 1878ರವರೆಗೆ ಮೈಸೂರು ಸೀಮೆಯಲ್ಲಿ ಭೀಕರ ಬರಗಾಲ ಬಂತು. ಆಗಿನ ಸಂವತ್ಸರಗಳ ಹೆಸರಿನಿಂದ ಹಿರಿಯರು ಅದನ್ನು ‘ಧಾತು ಈಶ್ವರ ಬರ’ ಎಂದು ಕರೆದರು. 1871ರ ಖಾನೇಷುಮಾರಿಯಲ್ಲಿ, ಅಂದರೆ ಜನಗಣತಿಯಲ್ಲಿ, ಮೈಸೂರು ಸಂಸ್ಥಾನದ ಜನ 50 ಲಕ್ಷ 55 ಸಾವಿರ. ಹತ್ತು ವರ್ಷ ಕಳೆದು 1881ರಲ್ಲಿ ಎಣಿಸಿದಾಗ ಸಿಕ್ಕಿದ್ದು 41 ಲಕ್ಷ 86 ಸಾವಿರ. ಹೆಚ್ಚಬೇಕಾಗಿದ್ದ ಜನಸಂಖ್ಯೆ ಆರರಲ್ಲಿ ಒಂದು ಪಾಲು ಕುಸಿದಿತ್ತು.

1918ರಲ್ಲಿ ಇನ್‌ಫ್ಲುಯೆಂಜಾ ಜ್ವರ ಪ್ರಪಂಚವನ್ನೆಲ್ಲ ಆವರಿಸಿತು. ಭಾರತ ಒಂದರಲ್ಲೇ ಒಂದು ಕೋಟಿಗೂ ಹೆಚ್ಚು ಜನ ಸತ್ತರೆಂದು ಅಂದಾಜಿದೆ. 1911ರಿಂದ 1921ರವರೆಗಿನ ಹತ್ತು ವರ್ಷಗಳಲ್ಲಿ ನಮ್ಮ ಜನನ ದರ, ಮರಣ ದರ ಎರಡೂ ಸಾವಿರಕ್ಕೆ 45ರ ಮೇಲಿದ್ದವು. ಹಾಗಾಗಿ 1911ಕ್ಕಿಂತ 1921ರಲ್ಲಿ ದೇಶದ ಜನಸಂಖ್ಯೆ ಸ್ವಲ್ಪ ಕಡಿಮೆಯೇ ಇತ್ತು. ಅಂದಿನಿಂದ ಇಂದಿನವರೆಗೆ ಯಾವ ಜನಗಣತಿಯಲ್ಲೂ ಹಾಗಾಗಿಲ್ಲ. ಆದ್ದರಿಂದಲೇ 1921ನ್ನು ನಮ್ಮ ಜನಸಂಖ್ಯೆಯ ‘ಮಹಾ ವಿಭಜಕ ವರ್ಷ’ ಎನ್ನುತ್ತಾರೆ.

ಎರಡನೆಯ ಹಂತ: ತೂತು ಕಿರಿದಾಯಿತು

ಈಗ ಸ್ವೀಡನ್ ದೇಶಕ್ಕೆ ಹೋಗೋಣ. ಅಲ್ಲಿಗೇ ಏಕೆ? ಏಕೆಂದರೆ ಆ ದೇಶ 1749ರಿಂದಲೇ ಹುಟ್ಟು ಸಾವುಗಳ ಲೆಕ್ಕವನ್ನು ದೇಶದಾದ್ಯಂತ ಇಟ್ಟಿದೆ. ಚರ್ಚಿನ ಪಾದ್ರಿಗಳು ತಮ್ಮ ತಮ್ಮ ಊರಿನ ಲೆಕ್ಕ ಬರೆದು ಕಳುಹಿಸುತ್ತಿದ್ದರು. ಇಷ್ಟು ಉದ್ದದ ಲೆಕ್ಕ ಬೇರೆ ದೇಶಗಳಲ್ಲಿ ಸಿಗುವುದು ಕಷ್ಟ.

1750ರ ಸುಮಾರಿಗೆ ಅಲ್ಲಿ ಜನನ ದರ ಸಾವಿರಕ್ಕೆ 35ರ ಆಸುಪಾಸು, ಮರಣ ದರ 27ರ ಆಸುಪಾಸು. 1773ರಲ್ಲಿ ಬೆಳೆ ಹೋಗಿ ರೋಗ ಹಬ್ಬಿದಾಗ ಮರಣ ದರ 50ನ್ನು ದಾಟಿತು. ಆಮೇಲೆ ನಿಧಾನವಾಗಿ ಪರಿಸ್ಥಿತಿ ಬದಲಾಯಿತು. ಆಲೂಗೆಡ್ಡೆ ಬೆಳೆ ಹರಡಿ ಬಡವರ ಹೊಟ್ಟೆ ತುಂಬಿಸಿತು. 1796ರಲ್ಲಿ ಎಡ್ವರ್ಡ್ ಜೆನ್ನರ್ ಇಂಗ್ಲೆಂಡಿನಲ್ಲಿ ಸಿಡುಬಿನ ಲಸಿಕೆಯನ್ನು ಪ್ರಯೋಗಿಸಿ ನೋಡಿದರು. 1816ರಲ್ಲಿ ಸ್ವೀಡನ್ ಅದನ್ನು ಕಡ್ಡಾಯ ಮಾಡಿತು. ಶುದ್ಧ ನೀರು, ಚರಂಡಿ, ತರಬೇತಿ ಪಡೆದ ಸೂಲಗಿತ್ತಿಯರು ಬಂದರು. 1900ರ ಹೊತ್ತಿಗೆ ಮರಣ ದರ 17ಕ್ಕೆ ಇಳಿಯಿತು. ಜನನ ದರವೂ ಇಳಿಯತೊಡಗಿತ್ತು, ಆದರೆ ಇನ್ನೂ 27ರಲ್ಲಿತ್ತು. 1750ರಲ್ಲಿ 18 ಲಕ್ಷದಷ್ಟಿದ್ದ ಜನ 1900ರಲ್ಲಿ 51 ಲಕ್ಷ ಆಗಿದ್ದರು. ಇದರ ನಡುವೆ ಲಕ್ಷಾಂತರ ಮಂದಿ ಹಡಗು ಹತ್ತಿ ಅಮೆರಿಕಕ್ಕೆ ವಲಸೆ ಹೋಗಿದ್ದರು ಎಂಬುದನ್ನೂ ನೆನಪಿಡಿ.

ಸ್ವೀಡನ್ನಿಗೆ ಇದಕ್ಕೆಲ್ಲ ನೂರೈವತ್ತು ವರ್ಷ ಹಿಡಿಯಿತು. ಭಾರತಕ್ಕೆ? ಸುಮಾರು ಐವತ್ತು ವರ್ಷ! ಏಕೆಂದರೆ ಲಸಿಕೆ, ಜೀವನಿರೋಧಕ ಔಷಧ, ಕ್ಲೋರಿನ್, ಸೊಳ್ಳೆ ನಾಶಕ ಇವೆಲ್ಲ ಬೇರೆ ಕಡೆ ಒಂದೊಂದಾಗಿ ಕಂಡುಹಿಡಿಯಲ್ಪಟ್ಟು, ನಮ್ಮಲ್ಲಿಗೆ ಹೆಚ್ಚುಕಡಿಮೆ ಒಟ್ಟಿಗೇ ಬಂದವು.

ಮಲೇರಿಯಾವನ್ನೇ ತೆಗೆದುಕೊಳ್ಳಿ. ಸ್ವಾತಂತ್ರ್ಯ ಬಂದ ಕಾಲದಲ್ಲಿ ವರ್ಷಕ್ಕೆ ಸುಮಾರು 7.5 ಕೋಟಿ ಜನಕ್ಕೆ ಮಲೇರಿಯಾ ಬರುತ್ತಿತ್ತು, ಸುಮಾರು 8 ಲಕ್ಷ ಜನ ಸಾಯುತ್ತಿದ್ದರು ಎಂದು ಅಂದಾಜು. 1953ರಲ್ಲಿ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ ಆರಂಭವಾಯಿತು. ಮನೆ ಮನೆಯ ಗೋಡೆಗೆ ಡಿಡಿಟಿ ಸಿಂಪಡಿಸಿದರು. 1960ರ ದಶಕದ ನಡುಭಾಗಕ್ಕೆ ರೋಗಿಗಳ ಸಂಖ್ಯೆ ಒಂದು ಲಕ್ಷದ ಆಸುಪಾಸಿಗೆ ಇಳಿಯಿತು. ಆಮೇಲೆ ಮಲೇರಿಯಾ ಮತ್ತೆ ತಲೆಯೆತ್ತಿತು, ನಿಜ. ಆದರೂ ಹಿಂದಿನಷ್ಟು ಸಾವು ಮತ್ತೆ ಮರುಕಳಿಸಲಿಲ್ಲ.

ಇನ್ನೊಂದು ಉದಾಹರಣೆ. 1971ರಲ್ಲಿ ಬಾಂಗ್ಲಾದೇಶದ ಯುದ್ಧದಿಂದ ಓಡಿಬಂದ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿತು. ರಕ್ತನಾಳಕ್ಕೆ ಕೊಡುವ ಸಲೈನ್ ಮುಗಿಯುತ್ತ ಬಂತು. ಡಾ. ದಿಲೀಪ್ ಮಹಲನಬಿಸ್ ಅವರು ಉಪ್ಪು ಮತ್ತು ಗ್ಲೂಕೋಸ್ ಬೆರೆಸಿದ ನೀರನ್ನು ಕುಡಿಸಲು ಹೇಳಿಕೊಟ್ಟರು. ಶೇಕಡಾ 30ರಷ್ಟಿದ್ದ ಸಾವಿನ ಪ್ರಮಾಣ ಶೇಕಡಾ 4ಕ್ಕಿಂತ ಕೆಳಗೆ ಬಂತು. ಇಂದು ನಿಮ್ಮ ಊರಿನ ಆಶಾ ಕಾರ್ಯಕರ್ತೆಯ ಚೀಲದಲ್ಲಿರುವ ಓಆರ್‌ಎಸ್ ಪೊಟ್ಟಣ ಅದೇ!

ಸಿಡುಬಿನ ಕೊನೆಯ ರೋಗಿ ನಮ್ಮ ದೇಶದಲ್ಲಿ ಕಂಡದ್ದು 1975ರಲ್ಲಿ. ಪೋಲಿಯೊದ ಕೊನೆಯ ರೋಗಿ 2011ರಲ್ಲಿ.

ಅಂಕಿಗಳು ಹೇಳುವ ಕಥೆ

ಭಾರತದ ಈ ಅಂಕಿಗಳನ್ನು ಕಪ್ಪು ಹಲಗೆಯ ಮೇಲೆ ಬರೆಯಿರಿ. ಮೊದಲ ಸಾಲಿನವು ಆ ದಶಕದ ಅಂದಾಜು, ಉಳಿದವು ಮಾದರಿ ನೋಂದಣಿ ಯೋಜನೆಯ ಅಂಕಿಗಳು.

1951–60: ಜನನ ದರ ಸುಮಾರು 42, ಮರಣ ದರ ಸುಮಾರು 23. ವ್ಯತ್ಯಾಸ 19.
1971: ಜನನ ದರ 36.9, ಮರಣ ದರ 14.9. ವ್ಯತ್ಯಾಸ 22.
2020: ಜನನ ದರ 19.5, ಮರಣ ದರ 6.0. ವ್ಯತ್ಯಾಸ 13.5.

ಮೊದಲ ಎರಡು ಸಾಲುಗಳನ್ನು ಹೋಲಿಸಿ. ಜನನ ದರ 42ರಿಂದ 37ಕ್ಕೆ ಇಳಿದಿದೆ. ಆದರೆ ವ್ಯತ್ಯಾಸ 19ರಿಂದ 22ಕ್ಕೆ ಏರಿದೆ! ಅಂದರೆ ಹುಟ್ಟು ಕಡಿಮೆಯಾಗುತ್ತಿದ್ದಾಗಲೇ ಜನಸಂಖ್ಯೆಯ ಬೆಳವಣಿಗೆ ಹೆಚ್ಚಾಯಿತು. ಸಾವು ಅದಕ್ಕಿಂತ ವೇಗವಾಗಿ ಇಳಿದದ್ದೇ ಕಾರಣ. ಜನಸಂಖ್ಯೆ ಏರಿದ್ದು ಜನ ಮೂರ್ಖರಾದದ್ದರಿಂದ ಅಲ್ಲ. ಹುಟ್ಟಿದ ಮಕ್ಕಳು ಬದುಕಿ ಉಳಿದದ್ದರಿಂದ.

ಇಲ್ಲಿ ಇನ್ನೊಂದು ಮಾತು. 1951ರ ಸುಮಾರಿಗೆ ಭಾರತೀಯರ ಸರಾಸರಿ ಜೀವಿತಾವಧಿ 32 ವರ್ಷ, ಈಗ ಸುಮಾರು 70 ವರ್ಷ. ಹಾಗಾದರೆ ಆಗ ಎಲ್ಲರೂ 32ಕ್ಕೇ ಸಾಯುತ್ತಿದ್ದರೆ? ಇಲ್ಲ. ಒಂದು ಮಗು ಹುಟ್ಟಿದ ಕೂಡಲೇ ಸತ್ತು, ಇನ್ನೊಬ್ಬರು 64 ವರ್ಷ ಬದುಕಿದರೆ ಇಬ್ಬರ ಸರಾಸರಿ 32. ಆಗಲೂ ಊರಿನಲ್ಲಿ ಮುದುಕರಿದ್ದರು. ಆದರೆ ಎಳೆ ಮಕ್ಕಳ ಸಾವು ಅಷ್ಟೊಂದಿತ್ತು. 1971ರಲ್ಲಿಯೂ ಹುಟ್ಟಿದ ಸಾವಿರ ಮಕ್ಕಳಲ್ಲಿ 129 ಮಕ್ಕಳು ಒಂದು ವರ್ಷ ತುಂಬುವ ಮೊದಲೇ ತೀರಿಕೊಳ್ಳುತ್ತಿದ್ದರು. 2020ರಲ್ಲಿ ಆ ಸಂಖ್ಯೆ 28. ಇದನ್ನು ಶಿಶು ಮರಣ ದರ ಎನ್ನುತ್ತಾರೆ. ಒಂದು ನಾಡು ನಿಜವಾಗಿ ಮುಂದುವರಿದಿದೆಯೆ ಎಂದು ತಿಳಿಯಲು ಇದಕ್ಕಿಂತ ಒಳ್ಳೆಯ ಅಳತೆ ಸಿಗುವುದು ಕಷ್ಟ.

ಹುಟ್ಟು ತಡವಾಗಿ ಇಳಿಯಿತು, ಏಕೆ?

ಮಕ್ಕಳು ಉಳಿಯತೊಡಗಿದ ಕೂಡಲೇ ಜನ ಕಡಿಮೆ ಮಕ್ಕಳನ್ನು ಪಡೆಯಬಹುದಿತ್ತಲ್ಲ? ತಡ ಏಕಾಯಿತು?

ಆಗಿನ ಒಬ್ಬ ರೈತ ತಾಯಿಯ ಜಾಗದಲ್ಲಿ ನಿಂತು ಯೋಚಿಸಿ. ಅವಳ ಅಮ್ಮ ಎಂಟು ಮಕ್ಕಳನ್ನು ಹೆತ್ತು ನಾಲ್ಕನ್ನು ಮಣ್ಣು ಮಾಡಿದ್ದಾಳೆ. ಸಾವಿನ ದರ ಇಳಿಯುತ್ತಿದೆ ಎಂದು ಅವಳಿಗೆ ಯಾರೂ ಹೇಳಿಲ್ಲ. ವಯಸ್ಸಾದಾಗ ನೋಡಿಕೊಳ್ಳಲು ಪಿಂಚಣಿ ಇಲ್ಲ, ಮಕ್ಕಳೇ ಆಸರೆ. ಎಂಟು ವರ್ಷದ ಮಗ ದನ ಮೇಯಿಸುತ್ತಾನೆ, ಹತ್ತು ವರ್ಷದ ಮಗಳು ನೀರು ಹೊರುತ್ತಾಳೆ, ತಮ್ಮನನ್ನು ಎತ್ತಿಕೊಳ್ಳುತ್ತಾಳೆ. ಮನೆಗೆ ಪ್ರತಿ ಮಗುವೂ ಎರಡು ಕೈ ಹೆಚ್ಚು. ಬೇಡವೆಂದರೂ ಗರ್ಭ ತಡೆಯುವ ಸಾಧನ ಅವಳ ಕೈಗೆ ಸಿಗುವಂತಿಲ್ಲ. ಹೀಗಿರುವಾಗ ಅವಳು ಆರು ಮಕ್ಕಳನ್ನು ಹೆತ್ತದ್ದು ಅಜ್ಞಾನವೆ? ಅಲ್ಲ. ಅವಳು ಕಂಡಿದ್ದ ಲೋಕಕ್ಕೆ ಅದು ಸರಿಯಾದ ಲೆಕ್ಕವೇ ಆಗಿತ್ತು.

ಹುಟ್ಟಿದ ಮಗು ಉಳಿಯುತ್ತದೆ ಎಂಬ ನಂಬಿಕೆ ಬರಲು ಒಂದು ತಲೆಮಾರಾದರೂ ಬೇಕಾಗುತ್ತದೆ. ಹುಟ್ಟಿಗೂ ಸಾವಿಗೂ ನಡುವಿನ ಅಂತರ ದೊಡ್ಡದಾಗುವುದು ಈ ಕಾಲದಲ್ಲೇ. ಆಗ ಜನಸಂಖ್ಯೆ ಎಷ್ಟು ಬೇಗ ಏರುತ್ತದೆ ಗೊತ್ತೆ? ಸುಲಭ ಸೂತ್ರವಿದೆ. 70ನ್ನು ಶೇಕಡಾ ಬೆಳವಣಿಗೆಯಿಂದ ಭಾಗಿಸಿ. ವರ್ಷಕ್ಕೆ ಶೇಕಡಾ 2ರಂತೆ ಬೆಳೆದರೆ 35 ವರ್ಷಗಳಲ್ಲಿ ಜನಸಂಖ್ಯೆ ಎರಡರಷ್ಟು. ಶೇಕಡಾ 0.2ರಂತೆ ಬೆಳೆದರೆ 350 ವರ್ಷ ಬೇಕು.

ಮೂರನೆಯ ಹಂತ: ನಲ್ಲಿಯೂ ತಿರುಗಿತು

ಕಾಲ ಸರಿದಂತೆ ಮನೆಯ ಲೆಕ್ಕ ಬದಲಾಗುತ್ತದೆ. ಮಕ್ಕಳು ಹೊಲದ ಬದಲು ಶಾಲೆಗೆ ಹೋಗುತ್ತಾರೆ. ಪುಸ್ತಕ, ಬಟ್ಟೆ, ಕಾಲೇಜು ಎಂದು ಖರ್ಚು ಬೀಳುತ್ತದೆ. ‘ಆರು ಮಕ್ಕಳಿಗೆ ಅರೆಹೊಟ್ಟೆ ಹಾಕುವ ಬದಲು ಇಬ್ಬರನ್ನು ಚೆನ್ನಾಗಿ ಓದಿಸೋಣ’ ಎಂದು ತಂದೆ ತಾಯಿ ಯೋಚಿಸುತ್ತಾರೆ. ಜನನ ದರ ಇಳಿಯತೊಡಗುತ್ತದೆ.

ಇದರಲ್ಲಿ ಬಹಳ ದೊಡ್ಡ ಪಾತ್ರ ವಹಿಸುವುದು ಹೆಣ್ಣುಮಕ್ಕಳ ಓದು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಶಾಲೆಗೇ ಹೋಗದ ಮಹಿಳೆಯರು ಸರಾಸರಿ 2.8 ಮಕ್ಕಳನ್ನು ಪಡೆಯುತ್ತಾರೆ. ಹನ್ನೆರಡು ವರ್ಷ ಅಥವಾ ಹೆಚ್ಚು ಓದಿದವರು 1.8. ಓದುವ ಹುಡುಗಿಗೆ ಮದುವೆ ತಡವಾಗಿ ಆಗುತ್ತದೆ. ಔಷಧದ ಚೀಟಿ ಓದಬಲ್ಲಳು, ಮಗುವಿಗೆ ಲಸಿಕೆ ಯಾವಾಗ ಹಾಕಿಸಬೇಕೆಂದು ತಿಳಿದಿರುತ್ತಾಳೆ. ಎಷ್ಟು ಮಕ್ಕಳು ಎಂಬ ವಿಚಾರದಲ್ಲಿ ಅವಳ ಮಾತಿಗೂ ಮನೆಯಲ್ಲಿ ಬೆಲೆ ಬರುತ್ತದೆ.

ಮದುವೆಯ ವಯಸ್ಸಿಗೆ ಇನ್ನೊಂದು ಲೆಕ್ಕವೂ ಇದೆ. ಪ್ರತಿ ತಲೆಮಾರಿನ ತಾಯಿಗೂ 15ಕ್ಕೆ ಮಗುವಾದರೆ 60 ವರ್ಷಗಳಲ್ಲಿ ನಾಲ್ಕು ತಲೆಮಾರು. 20ಕ್ಕೆ ಆದರೆ ಮೂರೇ ತಲೆಮಾರು. 30ಕ್ಕೆ ಆದರೆ ಎರಡು. ತಡವಾದ ಮದುವೆ ಹುಡುಗಿಯ ಆರೋಗ್ಯವನ್ನೂ ಕಾಯುತ್ತದೆ, ಜನಸಂಖ್ಯೆಯ ಓಟವನ್ನೂ ನಿಧಾನಿಸುತ್ತದೆ.

‘ದೇಶ ಶ್ರೀಮಂತವಾದರೆ ತಾನಾಗಿಯೇ ಹುಟ್ಟು ಇಳಿಯುತ್ತದೆ’ ಎಂದು ಕೆಲವರು ಹೇಳುತ್ತಾರೆ. ಅದು ಅರ್ಧ ಸತ್ಯ. ಕೇರಳ ಶ್ರೀಮಂತವಾಗುವ ಮೊದಲೇ, 1990ರ ಸುಮಾರಿಗೇ, ತಾಯಿಗೆ ಇಬ್ಬರು ಮಕ್ಕಳ ಮಟ್ಟಕ್ಕೆ ಬಂದಿತ್ತು. ಅಲ್ಲಿ ಹೆಣ್ಣುಮಕ್ಕಳು ಬಹಳ ಹಿಂದಿನಿಂದಲೇ ಶಾಲೆಗೆ ಹೋಗುತ್ತಿದ್ದರು, ಊರಿಗೆ ಹತ್ತಿರದಲ್ಲೇ ಆಸ್ಪತ್ರೆಗಳಿದ್ದವು. ಬಾಂಗ್ಲಾದೇಶ ಬಡ ದೇಶವಾಗಿದ್ದಾಗಲೇ ಆರಕ್ಕಿಂತ ಹೆಚ್ಚಿದ್ದ ಸರಾಸರಿಯನ್ನು ನಲವತ್ತು ವರ್ಷಗಳೊಳಗೆ 2.3ರ ಆಸುಪಾಸಿಗೆ ತಂದಿತು. ಅಲ್ಲಿ ಆರೋಗ್ಯ ಕಾರ್ಯಕರ್ತೆಯರು ಮನೆ ಬಾಗಿಲಿಗೇ ಹೋಗಿ ತಿಳಿಹೇಳಿದರು. ಅಂದರೆ ಅಭಿವೃದ್ಧಿ ಎಂದರೆ ಹಣವೊಂದೇ ಅಲ್ಲ. ಶಾಲೆ, ಆಸ್ಪತ್ರೆ, ಹೆಣ್ಣಿನ ಸ್ಥಾನ ಇವೂ ಅಭಿವೃದ್ಧಿಯೇ.

ಬಲವಂತ ಮಾಡಿದರೆ? ಅದನ್ನೂ ನಮ್ಮ ದೇಶ ಕಂಡಿದೆ. 1975–77ರ ತುರ್ತು ಪರಿಸ್ಥಿತಿಯ ಕಾಲದಲ್ಲಿ ಅನೇಕ ಕಡೆ ಒತ್ತಾಯದಿಂದ ಸಂತಾನಹರಣ ಶಸ್ತ್ರಚಿಕಿತ್ಸೆಗಳು ನಡೆದವು. ಜನ ಹೆದರಿದರು. ಕುಟುಂಬ ಯೋಜನೆ ಎಂಬ ಮಾತನ್ನೇ ಬಹುಕಾಲ ಅನುಮಾನದಿಂದ ನೋಡುವಂತಾಯಿತು.

ನಿಮಗಿದು ಗೊತ್ತೆ?

1930ರಲ್ಲಿ ಮೈಸೂರು ಸಂಸ್ಥಾನದ ಸರ್ಕಾರ ತನ್ನ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣದ ಸಲಹಾ ಕೇಂದ್ರಗಳನ್ನು ತೆರೆಯಲು ಆದೇಶ ಹೊರಡಿಸಿತು. ಸರ್ಕಾರವೇ ಇಂಥ ಕೇಂದ್ರ ತೆರೆದದ್ದು ಪ್ರಪಂಚದಲ್ಲೇ ಮೊದಲು ಎಂದು ಹೇಳುತ್ತಾರೆ. ಇಡೀ ಭಾರತಕ್ಕೆ ಕುಟುಂಬ ಯೋಜನೆಯ ಕಾರ್ಯಕ್ರಮ ಬಂದದ್ದು 1952ರಲ್ಲಿ. ಅದೇ ಸುಮಾರಿಗೆ ವಿಶ್ವಸಂಸ್ಥೆ ಮತ್ತು ಭಾರತ ಸರ್ಕಾರ ಸೇರಿ ಜನಸಂಖ್ಯೆಯ ಬದಲಾವಣೆಯನ್ನು ಅರಿಯಲು ಒಂದು ದೊಡ್ಡ ಅಧ್ಯಯನ ನಡೆಸಿದವು. ಅದಕ್ಕೆ ಆರಿಸಿಕೊಂಡ ಜಾಗವೂ ಮೈಸೂರು ರಾಜ್ಯವೇ!

ನಾಲ್ಕನೆಯ ಹಂತ: ಎರಡೂ ಕಡಿಮೆ

ಕೊನೆಗೆ ಜನನ ದರವೂ ಕಡಿಮೆ, ಮರಣ ದರವೂ ಕಡಿಮೆ ಎಂಬ ಸ್ಥಿತಿ ಬರುತ್ತದೆ. ತೊಟ್ಟಿಯ ಮಟ್ಟ ಮತ್ತೆ ನಿಲ್ಲುತ್ತದೆ. ಹೆಚ್ಚು–ಹೆಚ್ಚು ಎಂಬಲ್ಲಿಂದ ಕಡಿಮೆ–ಕಡಿಮೆ ಎಂಬಲ್ಲಿಗೆ ಬರುವ ಈ ಇಡೀ ಪ್ರಯಾಣಕ್ಕೆ ‘ಜನಸಂಖ್ಯಾ ಪರಿವರ್ತನೆ’ ಎಂದು ಹೆಸರು. ವಾರೆನ್ ಥಾಂಪ್ಸನ್ ಎಂಬ ಅಮೆರಿಕದ ವಿದ್ವಾಂಸರು 1929ರಲ್ಲಿ ಇದನ್ನು ಗುರುತಿಸಿದರು. 1945ರಲ್ಲಿ ಫ್ರಾಂಕ್ ನೋಟ್‌ಸ್ಟೀನ್ ಅದನ್ನು ಇನ್ನಷ್ಟು ವಿವರಿಸಿದರು. ಇದು ಗುರುತ್ವಾಕರ್ಷಣೆಯಂತೆ ತಪ್ಪದ ನಿಯಮವಲ್ಲ. ಒಂದೊಂದು ದೇಶದ ವೇಗ ಒಂದೊಂದು ಬಗೆ. ಫ್ರಾನ್ಸಿನಲ್ಲಿ ಜನನ ದರ ಬಹಳ ಮೊದಲೇ, ಮರಣ ದರದ ಜೊತೆಜೊತೆಗೇ ಇಳಿಯಿತು. ಆದ್ದರಿಂದ ಅಲ್ಲಿ ಜನಸಂಖ್ಯೆ ಅಷ್ಟಾಗಿ ಏರಲಿಲ್ಲ.

ಈಗ ಒಂದು ತಮಾಷೆಯ ಪ್ರಶ್ನೆ. ಜಪಾನಿನ ಜನ ಸರಾಸರಿ 84 ವರ್ಷ ಬದುಕುತ್ತಾರೆ, ನಾವು 70. ಹಾಗಾದರೆ ಮರಣ ದರ ಯಾವ ದೇಶದಲ್ಲಿ ಹೆಚ್ಚು? ‘ಭಾರತದಲ್ಲಿ’ ಎಂದಿರಾ? ತಪ್ಪು! ಜಪಾನಿನಲ್ಲಿ 2023ರಲ್ಲಿ ಸುಮಾರು 15.7 ಲಕ್ಷ ಜನ ತೀರಿಕೊಂಡರು, ಹುಟ್ಟಿದ್ದು ಸುಮಾರು 7.3 ಲಕ್ಷ ಮಕ್ಕಳು. ಅಲ್ಲಿನ ಜನಸಂಖ್ಯೆ 12.4 ಕೋಟಿಯಷ್ಟು. ಅಂದರೆ ಮರಣ ದರ ಸುಮಾರು 13, ನಮ್ಮದರ ಎರಡರಷ್ಟು! ಏಕೆ? ಅಲ್ಲಿ ಮುದುಕರು ಬಹಳ, ಮಕ್ಕಳು ಕಡಿಮೆ. ವಯಸ್ಸಾದವರು ಹೆಚ್ಚಿರುವ ಊರಿನಲ್ಲಿ ಸಾವೂ ಹೆಚ್ಚಿರುತ್ತದೆ. ಆದ್ದರಿಂದ ಎರಡು ದೇಶಗಳ ಮರಣ ದರವನ್ನು ಮಾತ್ರ ನೋಡಿ ಯಾವುದು ಆರೋಗ್ಯವಂತ ದೇಶ ಎಂದು ತೀರ್ಮಾನಿಸಬಾರದು.

ಮಾಡಿ ನೋಡಿ: ಹುಣಸೆ ಬೀಜದ ಊರು

ಭಾರತದಲ್ಲಿ ಒಬ್ಬ ತಾಯಿಗೆ ಸರಾಸರಿ ಎರಡು ಮಕ್ಕಳು ಎಂಬ ಮಟ್ಟ ಬಂದಾಗಿದೆ. 2019–21ರ ಸಮೀಕ್ಷೆಯಲ್ಲಿ ದೇಶಕ್ಕೆ 2.0, ಕರ್ನಾಟಕಕ್ಕೆ 1.7. ಆದರೂ 2023ರಲ್ಲಿ ನಾವು ಚೀನಾವನ್ನು ಹಿಂದೆ ಹಾಕಿದೆವು, ಜನಸಂಖ್ಯೆ ಇನ್ನೂ ಏರುತ್ತಲೇ ಇದೆ. ಇದು ಹೇಗೆ?

ಬೇಕಾಗುವ ವಸ್ತು: 120 ಹುಣಸೆ ಬೀಜ.

ನೆಲದ ಮೇಲೆ ಮೂರು ಸಾಲು ಎಳೆಯಿರಿ. ಮೇಲಿನದು ಅಜ್ಜ ಅಜ್ಜಿಯರ ಸಾಲು, ನಡುವಿನದು ಅಪ್ಪ ಅಮ್ಮಂದಿರ ಸಾಲು, ಕೆಳಗಿನದು ಮಕ್ಕಳ ಸಾಲು. ಮೇಲೆ 10, ನಡುವೆ 20, ಕೆಳಗೆ 40 ಬೀಜ ಇಡಿ. ಊರಿನ ಜನ 70. ಇಲ್ಲಿ 20 ಅಪ್ಪ ಅಮ್ಮಂದಿರೆಂದರೆ 10 ಜೋಡಿ. ಅವರಿಗೆ 40 ಮಕ್ಕಳು, ಅಂದರೆ ಜೋಡಿಗೆ ನಾಲ್ಕು.

ಇನ್ನು ಮುಂದೆ ಪ್ರತಿ ಜೋಡಿಗೂ ಎರಡೇ ಮಕ್ಕಳು ಎಂದು ನಿಯಮ ಮಾಡಿ. ಒಂದು ತಲೆಮಾರು ಕಳೆಯಲಿ. ಮೇಲಿನ 10 ಬೀಜ ತೆಗೆಯಿರಿ. ಉಳಿದ ಎರಡು ಸಾಲುಗಳನ್ನು ಒಂದೊಂದು ಮೆಟ್ಟಿಲು ಮೇಲಕ್ಕೆ ಸರಿಸಿ. ಈಗ ಅಜ್ಜ ಅಜ್ಜಿಯರು 20, ಅಪ್ಪ ಅಮ್ಮಂದಿರು 40. ಇವರು 20 ಜೋಡಿ, ಜೋಡಿಗೆ ಎರಡರಂತೆ 40 ಮಕ್ಕಳು. ಒಟ್ಟು 100! ಇನ್ನೊಂದು ತಲೆಮಾರು ಕಳೆದರೆ 40, 40, 40. ಒಟ್ಟು 120. ಅದಾದ ಮೇಲೆ ಎಷ್ಟು ಬಾರಿ ಸರಿಸಿದರೂ 120ರಲ್ಲೇ ನಿಲ್ಲುತ್ತದೆ.

ಎರಡೇ ಮಕ್ಕಳು ಎಂಬ ನಿಯಮ ಬಂದ ಮೇಲೂ 70 ಜನರ ಊರು 120 ಆಯಿತು. ಏಕೆಂದರೆ ಅಪ್ಪ ಅಮ್ಮ ಆಗಲಿರುವ 40 ಮಂದಿ ಆಗಲೇ ಹುಟ್ಟಿ ಬೆಳೆಯುತ್ತಿದ್ದರು. ಬ್ರೇಕ್ ಹಾಕಿದ ಮೇಲೂ ರೈಲು ಸ್ವಲ್ಪ ದೂರ ಓಡುವಂತೆ, ಜನಸಂಖ್ಯೆಗೂ ಒಂದು ಓಟದ ವೇಗ ಇರುತ್ತದೆ.

ಇನ್ನೊಂದು ಸಂಗತಿ ಗಮನಿಸಿದಿರಾ? ಮೊದಲು 70 ಜನರಲ್ಲಿ ಅಜ್ಜ ಅಜ್ಜಿಯರು 10, ಅಂದರೆ ಏಳರಲ್ಲಿ ಒಂದು ಪಾಲು. ಕೊನೆಗೆ 120ರಲ್ಲಿ 40, ಅಂದರೆ ಮೂರರಲ್ಲಿ ಒಂದು ಪಾಲು. ಮುಂದಿನ ದಿನಗಳಲ್ಲಿ ನಮ್ಮ ನಾಡಿಗೆ ಎದುರಾಗುವ ದೊಡ್ಡ ಕೆಲಸವೂ ಇದೇ. ವಯಸ್ಸಾದವರನ್ನು ನೋಡಿಕೊಳ್ಳುವ ವ್ಯವಸ್ಥೆಯನ್ನು ಕಟ್ಟಬೇಕಾಗಿದೆ.

ನಮ್ಮ ಕರ್ನಾಟಕದಲ್ಲೇ ಎಲ್ಲ ಹಂತಗಳು

ದೂರದ ದೇಶಗಳಿಗೆ ಹೋಗಬೇಕಾಗಿಲ್ಲ. ನಮ್ಮ ರಾಜ್ಯದ ಭೂಪಟ ತೆರೆಯಿರಿ. 2001ರಿಂದ 2011ರ ನಡುವೆ ಯಾದಗಿರಿ ಜಿಲ್ಲೆಯ ಜನಸಂಖ್ಯೆ ಶೇಕಡಾ 22ಕ್ಕೂ ಹೆಚ್ಚು ಏರಿತು. ಕೊಡಗಿನಲ್ಲಿ ಶೇಕಡಾ ಒಂದರಷ್ಟು ಮಾತ್ರ. ಚಿಕ್ಕಮಗಳೂರಿನಲ್ಲಿ ಸ್ವಲ್ಪ ಇಳಿಯಿತು! ಕೆಲಸ ಹುಡುಕಿ ಬೇರೆ ಊರಿಗೆ ಹೋದವರ ಲೆಕ್ಕವೂ ಇದರಲ್ಲಿ ಸೇರಿದೆ. ಬೆಂಗಳೂರು ನಗರ ಜಿಲ್ಲೆ ಅಷ್ಟು ಬೇಗ ಬೆಳೆದದ್ದು ಮುಖ್ಯವಾಗಿ ಹೀಗೆ ಬಂದವರಿಂದ. ಆದರೂ ಜಿಲ್ಲೆ ಜಿಲ್ಲೆಗೆ ಓದು, ಆಸ್ಪತ್ರೆ, ಮದುವೆಯ ವಯಸ್ಸು ಬೇರೆ ಬೇರೆ ಇರುವುದರಿಂದ ಹುಟ್ಟು ಸಾವಿನ ದರವೂ ಬೇರೆ ಬೇರೆ ಇದೆ.

ಈ ಬದಲಾವಣೆ ನಮ್ಮ ಶಾಲೆಗಳ ಬಾಗಿಲಿಗೂ ಬಂದಿದೆ. ‘ಒಂದನೇ ತರಗತಿಗೆ ಮಕ್ಕಳೇ ಸಿಗುತ್ತಿಲ್ಲ’ ಎಂದು ಶಿಕ್ಷಕರು ತರಬೇತಿಗಳಲ್ಲಿ ಹೇಳುವುದನ್ನು ನಾನು ಪದೇ ಪದೇ ಕೇಳಿದ್ದೇನೆ. ಖಾಸಗಿ ಶಾಲೆಯ ಬಸ್ಸು ಊರೊಳಗೆ ಬರುವುದು ಒಂದು ಕಾರಣ, ಜನ ಪಟ್ಟಣಕ್ಕೆ ಹೋಗುವುದು ಇನ್ನೊಂದು. ಆದರೆ ಊರಿನಲ್ಲಿ ಹುಟ್ಟುವ ಮಕ್ಕಳೇ ಕಡಿಮೆಯಾಗಿರುವುದು ಮೂರನೆಯ ಕಾರಣ. ಮೂರನ್ನೂ ಬೇರೆ ಬೇರೆ ಮಾಡಿ ನೋಡಿದರೆ ಮಾತ್ರ ಸರಿಯಾದ ಉತ್ತರ ಸಿಗುತ್ತದೆ.

ನಿಮ್ಮ ಊರಿನ ಲೆಕ್ಕ

ಈ ಚಟುವಟಿಕೆಯನ್ನು ಆರು, ಏಳನೇ ತರಗತಿಯವರು ಮಾಡಬಹುದು.

1. ಪ್ರತಿಯೊಬ್ಬರೂ ತಮ್ಮ ಮನೆಯ ಮೂರು ತಲೆಮಾರಿನ ಪಟ್ಟಿ ಮಾಡಿ. ಅಜ್ಜಿಗೆ ಎಷ್ಟು ಮಂದಿ ಒಡಹುಟ್ಟಿದವರು? ಅಮ್ಮನಿಗೆ? ನಿಮಗೆ?
2. ಇಡೀ ತರಗತಿಯ ಉತ್ತರಗಳನ್ನು ಕೂಡಿಸಿ, ಪ್ರತಿ ತಲೆಮಾರಿನ ಸರಾಸರಿ ಕಂಡುಹಿಡಿಯಿರಿ. ಒಡಹುಟ್ಟಿದವರ ಸಂಖ್ಯೆಗೆ ಅವರನ್ನೂ ಸೇರಿಸಿ ಒಂದು ಕೂಡುವುದನ್ನು ಮರೆಯಬೇಡಿ.
3. ಅಜ್ಜಿಗೆ, ಅಮ್ಮನಿಗೆ ಮದುವೆಯಾದಾಗ ವಯಸ್ಸು ಎಷ್ಟು, ಎಷ್ಟನೇ ತರಗತಿ ಓದಿದ್ದರು ಎಂದೂ ಬರೆದುಕೊಳ್ಳಿ.
4. ಶಾಲೆಯ ದಾಖಲಾತಿ ಪುಸ್ತಕದಿಂದ ಕಳೆದ ಇಪ್ಪತ್ತು ವರ್ಷಗಳಲ್ಲಿ ಒಂದನೇ ತರಗತಿಗೆ ಸೇರಿದವರ ಸಂಖ್ಯೆ ಪಡೆದು ಸ್ತಂಭಾಲೇಖ ಬರೆಯಿರಿ.
5. ಅಂಗನವಾಡಿ ಕಾರ್ಯಕರ್ತೆಯನ್ನು ಕೇಳಿ, ಕಳೆದ ವರ್ಷ ಊರಿನಲ್ಲಿ ಹುಟ್ಟಿದ ಮಕ್ಕಳ ಸಂಖ್ಯೆಯನ್ನು ತಿಳಿದು ಜನನ ದರ ಲೆಕ್ಕ ಹಾಕಿ.

ಶಿಕ್ಷಕರಿಗೊಂದು ಮಾತು. ಮಗುವನ್ನು ಕಳೆದುಕೊಂಡ ನೆನಪು ಎಷ್ಟೋ ಮನೆಗಳಲ್ಲಿ ಇನ್ನೂ ಹಸಿಯಾಗಿರುತ್ತದೆ. ತೀರಿಕೊಂಡವರ ಬಗ್ಗೆ ಮಕ್ಕಳು ಕೆದಕಿ ಕೇಳದಂತೆ ನೋಡಿಕೊಳ್ಳಿ. ಹಿರಿಯರು ತಾವಾಗಿ ಹೇಳಿದರೆ ಕೇಳಲಿ. ಪಟ್ಟಿಯಲ್ಲಿ ಯಾರ ಹೆಸರೂ ಬೇಡ, ಸಂಖ್ಯೆ ಸಾಕು. ‘ನಿಮ್ಮ ಮನೆಯಲ್ಲಿ ಜಾಸ್ತಿ ಮಕ್ಕಳು’ ಎಂದು ಯಾವ ಮಗುವೂ ಅವಮಾನ ಪಡಬಾರದು. ಯಾವುದೋ ಒಂದು ಜಾತಿಯ ಅಥವಾ ಧರ್ಮದ ಜನರೇ ಹೆಚ್ಚು ಹೆರುತ್ತಾರೆ ಎಂಬ ಮಾತು ತರಗತಿಯಲ್ಲಿ ಬಂದರೆ ಅಂಕಿಗಳ ಕಡೆಗೆ ತಿರುಗಿಸಿ. ಓದು, ಆರೋಗ್ಯ, ಮದುವೆಯ ವಯಸ್ಸು ಬದಲಾದಂತೆ ಎಲ್ಲ ಸಮುದಾಯಗಳಲ್ಲೂ ಮಕ್ಕಳ ಸಂಖ್ಯೆ ಇಳಿದಿದೆ, ಇಳಿಯುತ್ತಿದೆ.

ನಿಮ್ಮ ಪಟ್ಟಿ ಸಿದ್ಧವಾದಾಗ ಅದರ ಮೂರನೆಯ ಅಂಕಣವನ್ನು, ಅಂದರೆ ಅಜ್ಜಿ ಅಮ್ಮಂದಿರು ಎಷ್ಟು ಓದಿದ್ದರು ಎಂಬುದನ್ನು, ಇನ್ನೊಮ್ಮೆ ನೋಡಿ. ನಿಮ್ಮ ಏಳನೇ ತರಗತಿಯಲ್ಲಿ ಈ ವರ್ಷ ಎಷ್ಟು ಹುಡುಗಿಯರಿದ್ದಾರೆ? ಅವರಲ್ಲಿ ಎಷ್ಟು ಮಂದಿ ಮುಂದಿನ ವರ್ಷ ಎಂಟನೇ ತರಗತಿಗೆ ಸೇರಿದರು ಎಂದು ಜೂನ್ ತಿಂಗಳಲ್ಲಿ ಎಣಿಸಿ ನೋಡಿ. ಯಾರಾದರೂ ಬಿಟ್ಟುಹೋಗಿದ್ದರೆ ನಿಮ್ಮ ಮೇಷ್ಟ್ರಿಗೆ, ಟೀಚರ್‌ಗೆ ತಿಳಿಸಿ.

ಜನಸಂಖ್ಯೆಯ ಈ ದೊಡ್ಡ ಲೆಕ್ಕ ಕೊನೆಗೆ ಬಂದು ನಿಲ್ಲುವುದು ಆ ಹಾಜರಿ ಪುಸ್ತಕದಲ್ಲೇ.